ಹಳೆಯ ವಸ್ತು, ಹೋಗದ ಹೊಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಸಾಮಾನು ಕೊಂಡವರಿಂದ ಇತ್ತೀಚೆಗೆ ಬಂದ ಪತ್ರಗಳಲ್ಲಿ ಒಂದೇ ದೂರು ಬೇರೆ ಬೇರೆ ರೂಪಗಳಲ್ಲಿ ಕಾಣಿಸಿಕೊಂಡಿರುವುದರಿಂದ, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಹಿಂದಿನ ಮಾಲೀಕರ ಸಿಗರೇಟಿನ ಘಾಟು ಹಿಡಿದಿರುವ ಬೀರು, ಪುಸ್ತಕ, ಕಾರು, ತೊಟ್ಟಿಲುಗಳನ್ನು ಬಳಕೆಗೆ ತರುವುದು ಹೇಗೆ ಎಂಬುದು ಎಲ್ಲರ ಪ್ರಶ್ನೆ. ಪತ್ರಗಳನ್ನು ಸಂಕ್ಷೇಪಿಸಿ ಕೊಡಲಾಗಿದೆ.

ಪ್ರಶ್ನೆ: ಹಳೆಯ ಪೀಠೋಪಕರಣ ಮಾರುವವರಿಂದ ತೇಗದ ಬೀರುವೊಂದನ್ನು ಕೊಂಡೆವು. ಅದು ಇದ್ದ ಮನೆಯ ಯಜಮಾನರು ಸದಾ ಸಿಗರೇಟು ಸೇದುತ್ತಿದ್ದರಂತೆ. ಬಿಸಿಲಿಗೆ ಇಟ್ಟೆವು, ಸಾಂಬ್ರಾಣಿ ಹಾಕಿದೆವು, ಒಳಗೆ ಕರ್ಪೂರವನ್ನೂ ನುಸಿಗುಳಿಗೆಯನ್ನೂ ಇಟ್ಟೆವು. ಬೇಸಿಗೆಯಲ್ಲಿ ವಾಸನೆ ಹೋದಂತೆಯೇ ಇತ್ತು, ಮಳೆಗಾಲ ಶುರುವಾದ ಕೂಡಲೇ ಮತ್ತೆ ಬಂದಿದೆ. ಒಳಗಿಟ್ಟ ಸೀರೆಗಳಿಗೂ ಹತ್ತಿದೆ. ಏನು ಮಾಡಬೇಕು?
— ಗೃಹಿಣಿ, ಹಾಸನ

ಉತ್ತರ: ತಮ್ಮ ಬೀರುವಿನ ವಾಸನೆ ಹೋಗಿ ಮರಳಿ ಬಂದದ್ದಲ್ಲ, ಅದು ಮರದೊಳಗೇ ಇತ್ತು. ಸಿಗರೇಟಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಕೆಲವು ಗಾಳಿಯೊಡನೆ ಕಿಟಕಿಯಿಂದ ಹೊರಟುಹೋಗುತ್ತವೆ. ಆದರೆ ಟಾರ್ ಎಂಬ ಕಂದು ಜಿಡ್ಡೂ ನಿಕೋಟಿನ್ನೂ ಸಿಕ್ಕಿದ ಮೇಲ್ಮೈಗೆಲ್ಲ ಅಂಟಿ ಕುಳಿತು, ಅಲ್ಲಿಂದ ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಗಾಳಿಗೆ ಬಿಡುಗಡೆಯಾಗುತ್ತಿರುತ್ತವೆ. ಮಳೆಗಾಲದಲ್ಲಿ ಗಾಳಿಯ ತೇವ ಮರದ ನಾರನ್ನು ಸೇರಿ, ಅಲ್ಲಿ ಅಂಟಿಕೊಂಡಿದ್ದ ವಾಸನೆಯ ಅಣುಗಳನ್ನು ಕದಲಿಸಿ ಹೊರಗೆ ತಳ್ಳುವುದರಿಂದ ಘಾಟು ಹೆಚ್ಚಾದಂತೆ ಕಾಣುತ್ತದೆ. ಹೀಗಾಗಿ ಇಲ್ಲಿ ಓಡಿಸಬೇಕಾದದ್ದು ವಾಸನೆಯನ್ನಲ್ಲ, ತೊಳೆದು ತೆಗೆಯಬೇಕಾದದ್ದು ಆ ಜಿಡ್ಡನ್ನು. ಸಾಂಬ್ರಾಣಿಯೂ ಒಂದು ಹೊಗೆಯೇ ಆದ್ದರಿಂದ ಅದು ಹಳೆಯ ಪದರದ ಮೇಲೆ ಇನ್ನೊಂದನ್ನು ಸೇರಿಸುತ್ತದೆ. ನುಸಿಗುಳಿಗೆಯ ವಾಸನೆಯಂತೂ ಮರಕ್ಕೆ ಹತ್ತಿದರೆ ಸಿಗರೇಟಿನದಕ್ಕಿಂತ ಹಟಮಾರಿ. ಮೊದಲು ಅದನ್ನು ಹೊರಗೆ ತೆಗೆದುಹಾಕಿ.

ಬೀರುವಿನ ಹೊರಮೈಗೆ ಪಾಲಿಶ್ ಇರುವುದರಿಂದ ಹೊಗೆ ಅಲ್ಲಿ ಮೇಲೆಯೇ ನಿಂತಿರುತ್ತದೆ. ನಿಜವಾದ ತೊಂದರೆ ಇರುವುದು ಯಾರೂ ಪಾಲಿಶ್ ಮಾಡಿಸದ ಜಾಗಗಳಲ್ಲಿ, ಅಂದರೆ ಡ್ರಾಯರ್‌ಗಳ ತಳ ಮತ್ತು ಪಕ್ಕಗಳಲ್ಲಿ, ಅಟ್ಟಣೆ ಹಲಗೆಗಳ ಕೆಳಭಾಗದಲ್ಲಿ, ಹಿಂಬದಿಯ ಪ್ಲೈವುಡ್ಡಿನಲ್ಲಿ, ಬೀರುವಿನ ನೆತ್ತಿಯ ಮೇಲೆ. ಡ್ರಾಯರ್‌ಗಳನ್ನೆಲ್ಲ ಹೊರಕ್ಕೆ ಎಳೆದು, ಒಣ ಬ್ರಷ್‌ನಿಂದ ಧೂಳು ತೆಗೆದ ಬಳಿಕ, ಪಾತ್ರೆ ತೊಳೆಯುವ ದ್ರಾವಣವನ್ನು ಕೆಲವು ಹನಿ ಹಾಕಿದ ಉಗುರುಬೆಚ್ಚನೆಯ ನೀರಿನಲ್ಲಿ ಹಳೆಯ ಬಿಳಿ ಬನಿಯನ್ ಬಟ್ಟೆಯನ್ನು ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಬಟ್ಟೆಯನ್ನು ಮತ್ತೆ ನೀರಿಗೆ ಹಾಕಿದಾಗ ನೀರು ತೆಳು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಬರುತ್ತಿರುವವರೆಗೂ ನೀರು ಬದಲಾಯಿಸಿ ಒರೆಸುತ್ತಲೇ ಇರಬೇಕು. ಮರ ನೀರು ಕುಡಿಯುವಷ್ಟು ಒದ್ದೆ ಮಾಡಬಾರದು, ಪ್ಲೈವುಡ್ ಇರುವ ಕಡೆಯಂತೂ ಬಟ್ಟೆಯಲ್ಲಿ ಬರಿಯ ತೇವ ಇದ್ದರೆ ಸಾಕು.

ಇದಾದ ಮೇಲೆ ಬಿಳಿ ವಿನೆಗರ್‌ನ ಸರದಿ. ನಿಕೋಟಿನ್‌ಗೆ ಕ್ಷಾರ ಗುಣವಿದೆ. ಆಮ್ಲವಾದ ವಿನೆಗರ್ ಅದರೊಂದಿಗೆ ಸೇರಿದಾಗ ಅದು ನೀರಿನಲ್ಲಿ ಸುಲಭವಾಗಿ ಕರಗುವ, ಗಾಳಿಗೆ ಏಳದ ಲವಣವಾಗಿ ಮಾರ್ಪಡುತ್ತದೆ, ಆಗ ಒದ್ದೆ ಬಟ್ಟೆಗೆ ಬಂದುಬಿಡುತ್ತದೆ. ಒಂದು ಪಾಲು ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ ಒರೆಸಿ, ಬಳಿಕ ಬರಿಯ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಬಾಗಿಲುಗಳನ್ನು ತೆರೆದಿಟ್ಟು ನೆರಳಿನಲ್ಲಿ ಗಾಳಿಗೆ ಒಣಗಿಸಿ. ವಿನೆಗರ್‌ನ ಹುಳಿ ವಾಸನೆ ಒಂದೆರಡು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಅಡಿಗೆ ಸೋಡಾ ಎಲ್ಲ ವಾಸನೆಗೂ ಮದ್ದೆಂದು ಹಲವರು ನಂಬಿದ್ದಾರೆ. ಅದು ಸ್ವತಃ ಸೌಮ್ಯ ಕ್ಷಾರವಾದ್ದರಿಂದ ಹುಳಿ ಜಾತಿಯ ವಾಸನೆಗಳನ್ನು ಹಿಡಿಯಬಲ್ಲದೇ ಹೊರತು ನಿಕೋಟಿನ್ನಿನ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಬಟ್ಟೆ ಒಗೆಯುವ ಸೋಡಾ ಜಿಡ್ಡನ್ನು ಚೆನ್ನಾಗಿ ಕರಗಿಸುವುದೇನೋ ನಿಜ, ಆದರೆ ತೇಗದಂಥ ಮರವನ್ನು ಕಪ್ಪಾಗಿಸುತ್ತದೆ, ಹಳೆಯ ಪಾಲಿಶ್ ಅನ್ನೂ ಕಿತ್ತುಹಾಕುತ್ತದೆ. ಅದನ್ನು ಸ್ಟೀಲ್ ಬೀರುವಿಗೆ ಇಟ್ಟುಕೊಳ್ಳಿ. (ತಮ್ಮದು ಸ್ಟೀಲ್ ಬೀರುವಾಗಿದ್ದಿದ್ದರೆ ಈ ಉತ್ತರ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು, ಕೆಲಸ ಅರ್ಧ ದಿನದಲ್ಲಿ.) ಯಾವ ಕಾರಣಕ್ಕೂ ವಿನೆಗರ್ ಬಳಸುವಾಗ ಬ್ಲೀಚಿಂಗ್ ಪೌಡರನ್ನು ಹತ್ತಿರ ತರಬೇಡಿ. ಎರಡೂ ಸೇರಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಏಳುತ್ತದೆ.

ಒಣಗಿದ ಮೇಲೂ ಉಳಿಯುವ ವಾಸನೆಗೆ ಸಕ್ರಿಯಗೊಳಿಸಿದ ಇದ್ದಿಲು ಉತ್ತಮ. ಆಕ್ಟಿವೇಟೆಡ್ ಚಾರ್ಕೋಲ್ ಎಂದರೆ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಇದನ್ನು ನಮ್ಮ ತೆಂಗಿನ ಕರಟದಿಂದಲೂ ತಯಾರಿಸುತ್ತಾರೆ. ಅದರ ಒಂದು ಗ್ರಾಂ ಕಾಳಿನೊಳಗಿನ ಸೂಕ್ಷ್ಮ ರಂಧ್ರಗಳ ಮೇಲ್ಮೈಯನ್ನೆಲ್ಲ ಹರಡಿದರೆ ಸುಮಾರು 1,000 ಚದರ ಮೀಟರ್ ಆಗುತ್ತದೆ. ಒಲೆಯ ಸಾಮಾನ್ಯ ಇದ್ದಿಲಿಗೆ ಈ ಶಕ್ತಿಯ ಸಣ್ಣ ಪಾಲೂ ಇರುವುದಿಲ್ಲ. ಅಗಲ ಬಾಯಿಯ ಬಟ್ಟಲುಗಳಲ್ಲಿ ಹಾಕಿ, ಪ್ರತಿ ಅಂಕಣಕ್ಕೂ ಒಂದರಂತೆ ಇಟ್ಟು, ಬೀರುವನ್ನು ಮುಚ್ಚಿ ಎರಡು ಮೂರು ವಾರ ಬಿಡಿ.

ಅಷ್ಟಕ್ಕೂ ಜಗ್ಗದಿದ್ದರೆ ಉಳಿದಿರುವುದು ಒಳಮೈಯನ್ನು ಮುಚ್ಚುವ ಉಪಾಯ, ಮತ್ತು ನನ್ನ ಅಭಿಪ್ರಾಯದಲ್ಲಿ ಹಳೆಯ ಮರದ ಸಾಮಾನಿಗೆ ಇದೇ ನಿಜವಾದ ಪರಿಹಾರ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡುವ ಫ್ರೆಂಚ್ ಪಾಲಿಶ್ ವಾಸನೆಯನ್ನು ಒಳಗೇ ಕಟ್ಟಿಹಾಕುವುದರಲ್ಲಿ ಬಹಳ ಗಟ್ಟಿ. ಪಾಲಿಶ್ ಕೆಲಸದವರಿಗೆ ಹೇಳಿ, ಹೊರಗೆ ಕಾಣುವ ಭಾಗಕ್ಕಲ್ಲ, ಡ್ರಾಯರ್ ತಳ, ಹಲಗೆಗಳ ಅಡಿ, ಹಿಂಬದಿ ಇವುಗಳಿಗೆ ಎರಡು ಕೈ ಹೊಡೆಸಿ. ತೊಳೆಯದೆ ನೇರವಾಗಿ ಪಾಲಿಶ್ ಹೊಡೆಸಿದರೆ ಜಿಡ್ಡಿನ ಮೇಲೆ ಅದು ಸರಿಯಾಗಿ ಕೂರುವುದಿಲ್ಲ, ಕ್ರಮ ತಪ್ಪಬಾರದು. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವುದರಿಂದ ಆ ದಿನ ಹತ್ತಿರದಲ್ಲಿ ಒಲೆ, ದೀಪ ಇರಕೂಡದು.

ಸೀರೆಗಳ ವಿಷಯಕ್ಕೆ ಬಂದರೆ, ಹತ್ತಿಯವನ್ನು ಕೊನೆಯ ನೀರಿಗೆ ಅರ್ಧ ಬಟ್ಟಲು ವಿನೆಗರ್ ಹಾಕಿ ಒಗೆದರೆ ಸಾಕು. ರೇಷ್ಮೆಯನ್ನು ನೆರಳಿನ ಗಾಳಿಯಲ್ಲಿ ಕೆಲವು ದಿನ ಹರವಿ, ಜರಿ ಇಲ್ಲದಿದ್ದರೆ ಅಂಟುವಾಳದ ನೀರಿನಲ್ಲಿ ಮೃದುವಾಗಿ ಅದ್ದಿ ತೆಗೆಯಬಹುದು. ಜರಿ ಇರುವುದನ್ನು ಡ್ರೈಕ್ಲೀನಿಂಗ್‌ಗೆ ಕೊಡಿ, ವಿನೆಗರ್ ಮುಟ್ಟಿಸಬೇಡಿ.

ಪ್ರಶ್ನೆ: ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಕನ್ನಡ ಪುಸ್ತಕಗಳ ಒಂದು ಕಟ್ಟನ್ನೇ ಕೊಂಡು ತಂದೆ. ಓದುತ್ತಾ ಕುಳಿತರೆ ತಲೆನೋವು ಬರುವಷ್ಟು ಸಿಗರೇಟು ವಾಸನೆ. ಹಾಳೆಗಳ ನಡುವೆ ಅಡಿಗೆ ಸೋಡಾ ಉದುರಿಸಿ ಬಿಸಿಲಿಗಿಡಬಹುದೇ?
— ಅಧ್ಯಾಪಕರು, ತುಮಕೂರು

ಉತ್ತರ: ಎರಡನ್ನೂ ಮಾಡಬೇಡಿ. ಹಾಳೆಗಳ ನಡುವೆ ಉದುರಿಸಿದ ಪುಡಿ ಬೆನ್ನಿನ ಹೊಲಿಗೆಯೊಳಕ್ಕೆ ಇಳಿದರೆ ಹೊರಗೆ ಬರುವುದಿಲ್ಲ, ಮಳೆಗಾಲದಲ್ಲಿ ತೇವ ಎಳೆದುಕೊಂಡು ಕಾಗದವನ್ನು ಇನ್ನಷ್ಟು ಕೆಡಿಸುತ್ತದೆ. ಬಿಸಿಲಂತೂ ಹಳೆಯ ಅಗ್ಗದ ಕಾಗದದ ಶತ್ರು. ಅಂಥ ಕಾಗದದಲ್ಲಿ ಉಳಿದಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ ಹಳದಿಯಾಗಿ, ಹಾಳೆ ಮುಟ್ಟಿದರೆ ಮುರಿಯುವ ಸ್ಥಿತಿಗೆ ಬರುತ್ತದೆ.

ಮೊದಲು ಪುಸ್ತಕಗಳಿಗೆ ಹಾಕಿರುವ ಪ್ಲಾಸ್ಟಿಕ್ ಅಥವಾ ಕಂದು ಕಾಗದದ ಹೊದಿಕೆಗಳನ್ನು ಕಿತ್ತು ಬಿಸಾಡಿ. ವಾಸನೆಯ ದೊಡ್ಡ ಪಾಲು ಹಲವೊಮ್ಮೆ ಅಲ್ಲಿಯೇ ಇರುತ್ತದೆ. ಲ್ಯಾಮಿನೇಷನ್ ಇರುವ ರಕ್ಷಾಪುಟವನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ತಕ್ಷಣ ಒಣಗಿಸಬಹುದು, ಬರಿಯ ಕಾಗದದ ರಕ್ಷಾಪುಟಕ್ಕೆ ನೀರು ಸೋಕಿಸಬಾರದು. ಬಳಿಕ ಪುಸ್ತಕಗಳನ್ನು ಹಾಳೆಗಳು ಸ್ವಲ್ಪ ಬಿಡಿಸಿಕೊಂಡಿರುವಂತೆ ನಿಲ್ಲಿಸಿ, ಫ್ಯಾನಿನ ಗಾಳಿಗೆ ಎರಡು ಮೂರು ದಿನ ಇಡಿ. ಆಮೇಲೆ ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿಯ ಅಥವಾ ಟ್ರಂಕಿನ ತಳದಲ್ಲಿ ಮೇಲೆ ಹೇಳಿದ ಸಕ್ರಿಯ ಇದ್ದಿಲನ್ನು ಬಟ್ಟಲಲ್ಲಿ ಇಟ್ಟು, ಅದು ಪುಸ್ತಕಗಳಿಗೆ ತಾಗದಂತೆ ಒಂದು ಜಾಲರಿಯ ಮೇಲೆ ಪುಸ್ತಕಗಳನ್ನು ನಿಲ್ಲಿಸಿ ಮುಚ್ಚಿ. ತಿಂಗಳು ಹಿಡಿದರೂ ಆತುರಪಡಬೇಡಿ, ವಾರಕ್ಕೊಮ್ಮೆ ತೆರೆದು ಬೇರೆ ಪುಟಗಳು ಬಿಡಿಸಿಕೊಳ್ಳುವಂತೆ ತಿರುಗಿಸಿಡಿ. ಮಳೆಗಾಲದಲ್ಲಿ ಈ ಕೆಲಸ ಹಿಡಿದರೆ ಡಬ್ಬಿಯೊಳಗೆ ಬೂಷ್ಟು ಬರುವ ಅಪಾಯವಿರುವುದರಿಂದ ಒಣ ಹವೆಯ ತಿಂಗಳುಗಳು ಲೇಸು.

ಪುಸ್ತಕ ಮುಚ್ಚಿದ್ದಾಗ ಹೊಗೆಗೆ ಒಡ್ಡಿಕೊಂಡಿರುವುದು ಹಾಳೆಗಳ ಅಂಚು ಮತ್ತು ರಟ್ಟು ಮಾತ್ರ. ಓದಲಿಕ್ಕೆಂದೇ ಕೊಂಡ, ಬೇರೆ ಪ್ರತಿಗಳೂ ಸಿಗುವ ಪುಸ್ತಕವಾದರೆ ಬೈಂಡಿಂಗ್ ಅಂಗಡಿಯಲ್ಲಿ ಹಳೆಯ ರಟ್ಟು ತೆಗೆಸಿ, ಮೂರೂ ಅಂಚುಗಳನ್ನು ಕೂದಲೆಳೆಯಷ್ಟು ಕತ್ತರಿಸಿ ಹೊಸ ಬೈಂಡು ಹಾಕಿಸಿಬಿಡಿ. ವಾಸನೆಯ ಬಹುಭಾಗ ಅಲ್ಲಿಗೆ ಹೋಗುತ್ತದೆ. ಮೊದಲ ಮುದ್ರಣದ ಪ್ರತಿ, ಲೇಖಕರ ಹಸ್ತಾಕ್ಷರವಿರುವ ಪ್ರತಿಗಳಿಗೆ ಮಾತ್ರ ಕತ್ತರಿ ತಾಗಿಸಬೇಡಿ. ಅವುಗಳ ಬೆಲೆಯಿರುವುದೇ ಆ ಹಳೆಯ ರಟ್ಟಿನಲ್ಲಿ. ಅವು ಟ್ರಂಕಿನಲ್ಲೇ ಇರಲಿ.

ಪ್ರಶ್ನೆ: ಐದು ವರ್ಷ ಹಳೆಯ ಕಾರೊಂದನ್ನು ಕೊಂಡೆ. ನೋಡಲು ಹೋದಾಗ ಒಳಗೆ ಒಳ್ಳೆಯ ಪರಿಮಳವಿತ್ತು. ಮನೆಗೆ ತಂದು ವಾರವಾಗುವಷ್ಟರಲ್ಲಿ ಪರಿಮಳ ಹೋಗಿ ಸಿಗರೇಟಿನ ಘಾಟು ಎದ್ದಿತು, ಏಸಿ ಹಾಕಿದರೆ ಇನ್ನೂ ಹೆಚ್ಚು. ಓಜೋನ್ ಟ್ರೀಟ್‌ಮೆಂಟ್ ಮಾಡಿಸಲು ಹೇಳುತ್ತಿದ್ದಾರೆ. ಮಾಡಿಸಬಹುದೇ?
— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಓಜೋನ್‌ಗೆ ಹಣ ಕೊಡುವ ಮೊದಲು ತೊಳೆಯುವ ಕೆಲಸ ಮುಗಿಸಿ. ಮುಗಿಸಿದ ಮೇಲೆ ಬಹುಶಃ ಅದರ ಅಗತ್ಯವೇ ಉಳಿಯುವುದಿಲ್ಲ. ಏಸಿ ಹಾಕಿದಾಗ ಘಾಟು ಹೆಚ್ಚುತ್ತದೆ ಎಂದರೆ ಗಾಳಿಯ ದಾರಿಯಲ್ಲೇ ಜಿಡ್ಡು ಕೂತಿದೆ ಎಂದರ್ಥ. ಮೊದಲನೆಯದಾಗಿ ಕ್ಯಾಬಿನ್ ಏರ್ ಫಿಲ್ಟರ್ ಬದಲಾಯಿಸಿ. ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಹಿಂದಿನ ಮಾಲೀಕರು ಅದನ್ನು ಮುಟ್ಟಿಯೇ ಇಲ್ಲ ಎಂಬುದು ತೆಗೆದ ಕೂಡಲೇ ಗೊತ್ತಾಗುತ್ತದೆ. ಅದರೊಂದಿಗೆ ಗಾಳಿಯನ್ನು ತಂಪಾಗಿಸುವ ಭಾಗವಾದ ಏಸಿಯ ಇವಾಪೊರೇಟರನ್ನೂ ಫೋಮ್ ಹಾಕಿ ಸ್ವಚ್ಛಗೊಳಿಸಲು ಹೇಳಿ.

ಹೊಗೆ ಮೇಲಕ್ಕೆ ಏಳುವುದರಿಂದ ಕಾರಿನಲ್ಲಿ ಅತಿ ಹೆಚ್ಚು ಹೊಗೆ ಕುಡಿದಿರುವುದು ಸೀಟಲ್ಲ, ಚಾವಣಿಯ ಬಟ್ಟೆ. ಸೀಟುಗಳನ್ನು ಶಾಂಪೂ ಹಾಕಿ ತೊಳೆದು ಚಾವಣಿಯನ್ನು ಹಾಗೆಯೇ ಬಿಡುವ ಸರ್ವಿಸ್‌ನವರೇ ಹೆಚ್ಚು. ಆದರೆ ಅದನ್ನು ನೆನೆಸುವಂತೆಯೂ ಇಲ್ಲ, ಒಳಗಿನ ಅಂಟು ಬಿಟ್ಟು ಬಟ್ಟೆ ಜೋತುಬೀಳುತ್ತದೆ. ಸೌಮ್ಯ ಶಾಂಪೂವಿನ ನೊರೆಯನ್ನಷ್ಟೇ ಬಟ್ಟೆಗೆ ತೆಗೆದುಕೊಂಡು ಒಂದೇ ದಿಕ್ಕಿನಲ್ಲಿ ಹಗುರವಾಗಿ ಒರೆಸಿ, ಬಳಿಕ ನೀರು ಬೆರೆಸಿದ ವಿನೆಗರ್‌ನಿಂದಲೂ ಹಾಗೆಯೇ ಮಾಡಬೇಕು. ಗಾಜುಗಳ ಒಳಮೈ, ಸನ್ ವೈಸರ್, ಬಾಗಿಲ ರಬ್ಬರುಗಳ ಸಂದು ಇವನ್ನೂ ಮರೆಯದಿರಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕ್ಲಿಪ್ ಹಾಕಿ ನಿಲ್ಲಿಸಿ, ಸಾಬೂನು ನೀರಿನಿಂದ ತೊಳೆದು, ಪೂರ್ತಿ ಒಣಗುವವರೆಗೆ ಒಳಕ್ಕೆ ಬಿಡಬೇಡಿ. ಉಸಿರಾಡುವ ಮೂಗಿನ ಒಂದು ಗೇಣು ಕೆಳಗೇ ಇರುವ ಈ ಪಟ್ಟಿಯನ್ನು ತೊಳೆಯಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಓಜೋನ್ ವಾಸನೆಯನ್ನು ಕಡಿಮೆ ಮಾಡುವುದು ಸುಳ್ಳಲ್ಲ. ಆದರೆ ಅದು ಶ್ವಾಸಕೋಶಕ್ಕೆ ಹಾನಿಕರವಾದ ಅನಿಲ, ರಬ್ಬರನ್ನು ಬಿರುಕು ಬಿಡಿಸುತ್ತದೆ, ಮೇಲಾಗಿ ನಿಕೋಟಿನ್ ಜೊತೆ ಸೇರಿದಾಗ ಅತಿಸೂಕ್ಷ್ಮ ಕಣಗಳನ್ನು ಹುಟ್ಟಿಸುತ್ತದೆ. ಜಿಡ್ಡು ತೆಗೆಯದ ಕಾರಿಗೆ ಓಜೋನ್ ಕೊಡಿಸುವುದು ಈ ಕಾರಣಕ್ಕೆ ನನಗೆ ಒಪ್ಪಿಗೆಯಿಲ್ಲ. ತೊಳೆದಾದ ಮೇಲೂ ಮಾಡಿಸುವುದಾದರೆ ಕಾರಿನೊಳಗೆ ಯಾರೂ ಇರಬಾರದು, ಬಳಿಕ ಬಾಗಿಲುಗಳನ್ನು ತೆರೆದು ಗಂಟೆಗಟ್ಟಲೆ ಗಾಳಿಯಾಡಿಸಬೇಕು.

ಮುಂದೆ ಹಳೆಯ ಕಾರು ನೋಡಲು ಹೋಗುವವರಿಗೆ ಒಂದು ಮಾತು: ಒಳಗೆ ಪರಿಮಳ ಹೆಚ್ಚಾಗಿದ್ದಷ್ಟೂ ಅನುಮಾನ ಹೆಚ್ಚಾಗಿರಲಿ. ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಂತ ಕಾರಿನ ಬಾಗಿಲನ್ನು ತಾವೇ ಮೊದಲು ತೆರೆಯಲು ಅವಕಾಶ ಕೇಳಿ, ಬಿಳಿ ಟಿಶ್ಯೂ ಒಂದನ್ನು ಒದ್ದೆ ಮಾಡಿ ಮುಂದಿನ ಗಾಜಿನ ಒಳಭಾಗದ ಮೇಲ್ಮೂಲೆಯಲ್ಲಿ ಒರೆಸಿ ನೋಡಿ. ಹಳದಿಗಂದು ಬಣ್ಣ ಬಂದರೆ ಚೌಕಾಸಿಗೆ ಅದಕ್ಕಿಂತ ಒಳ್ಳೆಯ ಆಧಾರ ಬೇಡ.

ಪ್ರಶ್ನೆ: ಮೊದಲ ಮೊಮ್ಮಗುವಿಗಾಗಿ ಮರದ ತೊಟ್ಟಿಲು, ಅದರ ಜೊತೆಗೇ ಬಂದ ಸಣ್ಣ ಫೋಮ್ ಹಾಸಿಗೆ, ಕೆಲವು ಬಟ್ಟೆಯ ಗೊಂಬೆಗಳನ್ನು ಪರಿಚಿತರಿಂದ ಕೊಂಡೆವು. ಆ ಮನೆಯಲ್ಲಿ ಸಿಗರೇಟು ಸೇದುವವರಿದ್ದರು. ಸಣ್ಣ ವಾಸನೆ ಇದೆ. ವಾಸನೆ ಒಂದೇ ತೊಂದರೆಯೋ, ಮಗುವಿಗೆ ಬೇರೆ ಅಪಾಯವೂ ಇದೆಯೋ?
— ಅಜ್ಜಿ, ಉಡುಪಿ

ಉತ್ತರ: ಅಮ್ಮಾ, ತಾವು ಕೇಳಿದ್ದು ಒಳ್ಳೆಯದಾಯಿತು. ಹೊಗೆ ಆರಿದ ಮೇಲೆ ವಸ್ತುಗಳ ಮೇಲೆ ಉಳಿಯುವ ಈ ಶೇಷಕ್ಕೆ ‘ಥರ್ಡ್‌ಹ್ಯಾಂಡ್ ಸ್ಮೋಕ್’ ಎಂಬ ಹೆಸರು 2009ರಲ್ಲಿ ಅಮೆರಿಕದ ‘ಪೀಡಿಯಾಟ್ರಿಕ್ಸ್’ ಎಂಬ ಶಿಶುವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನದ ನಂತರ ವ್ಯಾಪಕವಾಗಿ ಬಳಕೆಗೆ ಬಂತು. ಮರುವರ್ಷ, 2010ರಲ್ಲಿ, ಅಮೆರಿಕದ ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು, ಮೇಲ್ಮೈಗಳಲ್ಲಿ ಉಳಿದ ನಿಕೋಟಿನ್ ಮನೆಯ ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಂದಿಗೆ ವರ್ತಿಸಿ, ಕ್ಯಾನ್ಸರ್‌ಕಾರಕವಾದ ನೈಟ್ರೋಸಮೀನುಗಳನ್ನು ಉಂಟುಮಾಡುತ್ತದೆ ಎಂದು ತೋರಿಸಿದರು. ಆ ನೈಟ್ರಸ್ ಆಮ್ಲದ ಒಂದು ಮುಖ್ಯ ಮೂಲ ಅಡುಗೆಮನೆಯ ಗ್ಯಾಸ್ ಒಲೆ, ಅಂದರೆ ಅದು ಹೆಚ್ಚಿನವರ ಮನೆಯಲ್ಲಿ ಇದೆ. ದೊಡ್ಡವರು ಒಂದು ಬೀರುವನ್ನು ದಿನಕ್ಕೆರಡು ಬಾರಿ ಮುಟ್ಟಿದರೆ ಮಗು ತೊಟ್ಟಿಲ ಅಂಚನ್ನು ನೆಕ್ಕುತ್ತದೆ, ಗೊಂಬೆಯ ಕಿವಿಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ, ಹಾಸಿಗೆಗೆ ಮೂಗೊತ್ತಿ ಮಲಗುತ್ತದೆ. ಗಾಬರಿಯಾಗಬೇಕಾಗಿಲ್ಲ, ಆದರೆ ಇಲ್ಲಿ ರಾಜಿಯೂ ಬೇಡ.

ಫೋಮ್ ಹಾಸಿಗೆಯನ್ನು ಬಿಟ್ಟುಬಿಡಿ. ಫೋಮಿನ ರಂಧ್ರರಂಧ್ರಗಳಲ್ಲೂ ಸೇರಿದ ಶೇಷವನ್ನು ಮನೆಯಲ್ಲಿ ಪೂರ್ತಿ ತೊಳೆದು ತೆಗೆಯುವ ದಾರಿಯಿಲ್ಲ, ಹೊಸ ಹತ್ತಿಯ ಚಿಕ್ಕ ಹಾಸಿಗೆ ಹೊಲಿಸಿದರೆ ದೊಡ್ಡ ಖರ್ಚೇನೂ ಆಗುವುದಿಲ್ಲ. ಬಟ್ಟೆಯ ಗೊಂಬೆಗಳಲ್ಲಿ ಒಳಗಿನ ತುಂಬುವಿಕೆ ಸಮೇತ ಒಗೆಯಬಹುದಾದದ್ದನ್ನು ಬಿಸಿನೀರಿನಲ್ಲಿ ಎರಡು ಮೂರು ಸಲ ಒಗೆಯಿರಿ, ಉಳಿದವು ಬೇಡ. ತೊಟ್ಟಿಲು ಮಾತ್ರ ಇಟ್ಟುಕೊಳ್ಳಲು ಯೋಗ್ಯ. ಹಾಸನದ ಓದುಗರಿಗೆ ಹೇಳಿದ ಕ್ರಮದಲ್ಲೇ ಸಾಬೂನು ನೀರು, ವಿನೆಗರ್ ನೀರು, ಬರಿಯ ನೀರು ಎಂದು ಒರೆಸಿ, ತೊಟ್ಟಿಲನ್ನು ತೂಗುಹಾಕುವ ಹಗ್ಗ ಅಥವಾ ಪಟ್ಟಿ ಬಟ್ಟೆಯದಾಗಿದ್ದರೆ ಅದನ್ನೂ ಬದಲಾಯಿಸಿ. ಮಗು ಬಾಯಿ ಹಾಕುವ ಅಂಚುಗಳಿಗೆ ಹೊಸದಾಗಿ ಪೇಂಟ್ ಬಳಿಯುವ ಯೋಚನೆಯಿದ್ದರೆ ಸೀಸವಿಲ್ಲದ ಬಣ್ಣವನ್ನೇ ಕೇಳಿ ತೆಗೆದುಕೊಳ್ಳಿ, ಮಗು ಬರುವ ಹಲವು ವಾರ ಮೊದಲೇ ಮುಗಿಸಿ.

ಪ್ರಶ್ನೆ: ಓದಲೆಂದು ಶಿಕಾಗೋಗೆ ಬಂದಿದ್ದೇನೆ. ಇಲ್ಲಿನ ಥ್ರಿಫ್ಟ್ ಅಂಗಡಿಯಲ್ಲಿ ಒಳ್ಳೆಯ ಉಣ್ಣೆಯ ಕೋಟು ಅಗ್ಗಕ್ಕೆ ಸಿಕ್ಕಿತು. ಸಿಗರೇಟು ವಾಸನೆ ಬಿಟ್ಟರೆ ಹೊಸದರಂತಿದೆ. ಡ್ರೈಕ್ಲೀನಿಂಗ್‌ಗೆ ಕೋಟಿಗಿಂತ ಹೆಚ್ಚು ಕೇಳುತ್ತಾರೆ.
— ವಿದ್ಯಾರ್ಥಿನಿ, ಶಿಕಾಗೋ

ಉತ್ತರ: ಉಣ್ಣೆ ವಾಸನೆಯನ್ನು ಬೇಗ ಹಿಡಿಯುತ್ತದೆ, ಅದೃಷ್ಟಕ್ಕೆ ಗಾಳಿಗೆ ಬಿಟ್ಟುಕೊಡಲೂ ಅಷ್ಟೇನೂ ಹಟ ಮಾಡುವುದಿಲ್ಲ. ಬಾಲ್ಕನಿ ಇದ್ದರೆ ಮಳೆ ಹಿಮ ಬೀಳದ ದಿನಗಳಲ್ಲಿ ಅಗಲವಾದ ಹ್ಯಾಂಗರಿಗೆ ಹಾಕಿ, ಜೇಬುಗಳನ್ನು ಒಳಗು ಹೊರಗು ಮಾಡಿ ತೂಗುಹಾಕಿ. ಜೇಬಿನ ಮೂಲೆಯಲ್ಲಿ ತಂಬಾಕಿನ ಚೂರು ಉಳಿದಿದ್ದರೆ ಉಳಿದ ಶ್ರಮವೆಲ್ಲ ದಂಡ. ಬಚ್ಚಲಿನಲ್ಲಿ ಬಿಸಿನೀರಿನ ಹಬೆ ತುಂಬಿಸಿ ಅರ್ಧ ಗಂಟೆ ಕೋಟನ್ನು ಅಲ್ಲಿ ತೂಗುಹಾಕಿ, ಮತ್ತೆ ಗಾಳಿಗೆ ಒಯ್ಯುವುದನ್ನು ಕೆಲವು ಸಲ ಮಾಡಿ. ರಂಗಭೂಮಿಯ ವಸ್ತ್ರವಿಭಾಗದವರು ಒಗೆಯಲಾಗದ ಉಡುಪುಗಳ ಮೇಲೆ ಅಗ್ಗದ ವೋಡ್ಕಾವನ್ನು ತೆಳುವಾಗಿ ಸಿಂಪಡಿಸುವ ರೂಢಿಯಿದೆ. ಅದು ಆವಿಯಾಗುವಾಗ ವಾಸನೆಯನ್ನೂ ಒಂದಿಷ್ಟು ಒಯ್ಯುತ್ತದೆ, ತನ್ನದನ್ನು ಉಳಿಸುವುದಿಲ್ಲ. ಮೊದಲು ಒಳಮಡಿಕೆಯಲ್ಲಿ ಸಿಂಪಡಿಸಿ ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಡ್ರೈಯರಿಗೆ ಹಾಕಬೇಡಿ, ಕೋಟು ಕುಗ್ಗಿದರೆ ತಮ್ಮನಿಗೆ ಕೊಡಬೇಕಾಗುತ್ತದೆ. ಅಸ್ತರಿಯ ಕಂಕುಳು ಮತ್ತು ಕೊರಳ ಪಟ್ಟಿಯಲ್ಲಿ ವಾಸನೆ ಉಳಿದರೆ ಆ ಭಾಗವನ್ನಷ್ಟೇ ವಿನೆಗರ್ ನೀರಿನಿಂದ ಒತ್ತಿ ಒರೆಸಿ.

ಪ್ರಶ್ನೆ: ನಾಟಕದ ಮೇಳದಲ್ಲಿ ನುಡಿಸುತ್ತಿದ್ದವರ ಹಳೆಯ ಹಾರ್ಮೋನಿಯಂ ಕೊಂಡಿದ್ದೇನೆ. ನಾದ ಬಹಳ ಚೆನ್ನಾಗಿದೆ. ಆದರೆ ನುಡಿಸುವಾಗೆಲ್ಲ ಬೀಡಿಯ ಘಾಟು ಮುಖಕ್ಕೆ ಹೊಡೆಯುತ್ತದೆ. ಬೀಡಿಗೂ ಇದೇ ಉಪಾಯವೇ?
— ಸಂಗೀತ ಶಿಕ್ಷಕರು, ಗದಗ

ಉತ್ತರ: ಬೀಡಿಯ ಹೊಗೆಯಲ್ಲಿ ಟಾರ್ ಸಿಗರೇಟಿಗಿಂತ ಕಡಿಮೆಯೇನಲ್ಲ, ಉಪಾಯವೂ ಬೇರೆಯಲ್ಲ. ವ್ಯತ್ಯಾಸವಿರುವುದು ವಾದ್ಯದಲ್ಲಿ. ತಿದಿ ಒತ್ತಿದಾಗಲೆಲ್ಲ ಪೆಟ್ಟಿಗೆಯೊಳಗೆ ನಿಂತ ಗಾಳಿ ರೀಡುಗಳ ಮೂಲಕ ಹೊರಕ್ಕೆ, ಅಂದರೆ ನೇರವಾಗಿ ತಮ್ಮ ಮುಖದ ಕಡೆಗೆ ಬರುತ್ತದೆ. ಒಳಗಿನ ಪಾಲಿಶ್ ಇಲ್ಲದ ಮರ, ತಿದಿಯ ರಟ್ಟು ಮತ್ತು ಬಟ್ಟೆ, ಮನೆಗಳ (ಬೆರಳಿನಿಂದ ಒತ್ತುವ ಕೀಲಿಗಳ) ಕೆಳಗಿನ ಫೆಲ್ಟು ಎಲ್ಲವೂ ಹೊಗೆ ಕುಡಿದಿರುತ್ತವೆ. ಹೊರಮೈಯನ್ನೂ ಮನೆಗಳನ್ನೂ ಹಿಂಡಿದ ಸಾಬೂನು ಬಟ್ಟೆಯಿಂದ ತಾವೇ ಒರೆಸಬಹುದು. ಒಳಗೆ ಮಾತ್ರ ಯಾವ ದ್ರವವನ್ನೂ ಬಿಡಬೇಡಿ, ವಿನೆಗರ್ ಹಿತ್ತಾಳೆಯ ರೀಡಿಗೆ ತಾಗಿದರೆ ಶ್ರುತಿಯೇ ಕೆಡುತ್ತದೆ. ದಿನಕ್ಕೊಮ್ಮೆ ಬಯಲಿನಲ್ಲಿಟ್ಟು ಎಲ್ಲ ಸ್ವರಗಳನ್ನೂ ತೆರೆದು ತಿದಿಯನ್ನು ಚೆನ್ನಾಗಿ ಒತ್ತಿ ಗಾಳಿಯಾಡಿಸಿ, ರಾತ್ರಿ ಇದ್ದಿಲಿನ ಬಟ್ಟಲಿನೊಂದಿಗೆ ಪೆಟ್ಟಿಗೆಯಲ್ಲಿ ಮುಚ್ಚಿಡಿ. ತಿಂಗಳ ಮೇಲೂ ಘಾಟು ಉಳಿದರೆ ವಾದ್ಯ ದುರಸ್ತಿ ಮಾಡುವವರಲ್ಲಿ ತಿದಿಯನ್ನೂ ಫೆಲ್ಟನ್ನೂ ಹೊಸದಾಗಿ ಹಾಕಿಸಿ, ಒಳಗಿನ ಮರಕ್ಕೆ ತೆಳುವಾಗಿ ಅರಗಿನ ಪಾಲಿಶ್ ಕೊಡಿಸಿ. ರೀಡುಗಳನ್ನು ಮಾತ್ರ ಬದಲಾಯಿಸಲು ಒಪ್ಪಬೇಡಿ. ತಾವು ಮೆಚ್ಚಿಕೊಂಡ ನಾದ ಇರುವುದು ಅವುಗಳಲ್ಲಿ, ಹೊಗೆ ಇರುವುದು ಉಳಿದೆಲ್ಲದರಲ್ಲಿ.